ಅಮಾವಾಸ್ಯೆ ಆಕಾಶಕ್ಕೆ, ಹುಣ್ಣಿಮೆ ಗೆಳೆಯರಿಗೆ: ನ್ಯೂಜಿಲ್ಯಾಂಡಿನ ಚೆರ್ರಿ ಸುಗ್ಗಿಗೆ ಹೋಗುವವರಿಗೊಂದು ಮಾರ್ಗದರ್ಶಿ

ನ್ಯೂಜಿಲ್ಯಾಂಡಿನ ದಕ್ಷಿಣ ದ್ವೀಪದ ಒಳನಾಡಿಗೆ ಸೆಂಟ್ರಲ್ ಒಟಾಗೊ ಎಂದು ಹೆಸರು. ಅಲ್ಲಿನ ಕ್ರಾಮ್‌ವೆಲ್, ಅಲೆಕ್ಸಾಂಡ್ರ, ರಾಕ್ಸ್‌ಬರ್ಗ್ ಊರುಗಳ ಸುತ್ತ ಡಿಸೆಂಬರ್‌ನಿಂದ ಜನವರಿ ಕೊನೆಯವರೆಗೆ ಚೆರ್ರಿ ಹಣ್ಣಿನ ಸುಗ್ಗಿ ನಡೆಯುತ್ತದೆ. ಆ ದೇಶದಲ್ಲಿ ಓದುತ್ತಿರುವ ನಮ್ಮ ಹುಡುಗ ಹುಡುಗಿಯರು ಬೇಸಿಗೆ ರಜೆಯ ಆ ಆರೆಂಟು ವಾರ ಹಣ್ಣು ಬಿಡಿಸಲು ಹೋಗಿ, ಮುಂದಿನ ಕೆಲವು ತಿಂಗಳ ಬಾಡಿಗೆಗೆ ಆಗುವಷ್ಟು ಗಳಿಸಿಕೊಂಡು ಬರುವುದುಂಟು. ನಾನು ಡ್ಯುನೆಡಿನ್‌ನಲ್ಲಿ ಓದುತ್ತಿದ್ದಾಗ ಎರಡು ಸುಗ್ಗಿ ಮಾಡಿದೆ. ಓದು ಮುಗಿದ ಮೇಲೆ ಒಂದು ಚಳಿಗಾಲ ಅದೇ ಸೀಮೆಯಲ್ಲಿ ದ್ರಾಕ್ಷಿ ಬಳ್ಳಿ ಸವರುವ ಕೆಲಸವನ್ನೂ ಮಾಡಿದೆ. ನಮ್ಮ ವಿಜಯಪುರದ ಕಡೆ ಚಾಟನಿ ಎನ್ನುವುದು ಇದನ್ನೇ.

ಆ ಸೀಮೆಗೆ ಹೋಗುವವರಿಗೆ ಎರಡು ಆಸೆಗಳಿರುತ್ತವೆ. ದೀಪದ ಬೆಳಕು ಸೋಕದ ದಕ್ಷಿಣದ ಆಕಾಶವನ್ನು ಕಣ್ತುಂಬ ನೋಡಬೇಕು ಎಂಬುದು ಒಂದು, ಹತ್ತು ದೇಶಗಳಿಂದ ಬಂದ ಜೊತೆಗಾರರೊಡನೆ ಕೂತು ಹರಟಬೇಕು ಎಂಬುದು ಇನ್ನೊಂದು. ಎರಡಕ್ಕೂ ರಾತ್ರಿಯೇ ಬೇಕು, ಕೆಲಸವೋ ಬೆಳಗಿನ ಆರಕ್ಕೆ ಶುರುವಾಗುತ್ತದೆ. ಮೊದಲ ಸುಗ್ಗಿಯಲ್ಲಿ ನಾನು ಎರಡನ್ನೂ ದಿನಾ ಮಾಡಲು ಹೋಗಿ, ಸತತ ಮೂರು ರಾತ್ರಿ ನಿದ್ದೆಗೆಟ್ಟು, ನಾಲ್ಕನೆಯ ಬೆಳಿಗ್ಗೆ ಏಣಿಯ ಮೇಲೆಯೇ ತೂಕಡಿಸಿದೆ. ಮೇಸ್ತ್ರಿ ಬಯ್ಯಲಿಲ್ಲ, ಬಕೆಟ್ ಇಳಿಸಿಸಿ ಆ ದಿನದ ಮಟ್ಟಿಗೆ ಮನೆಗೆ ಕಳಿಸಿದ. ಅಂದು ಕೂಲಿಯೂ ಹೋಯಿತು, ಮರ್ಯಾದೆಯೂ ಹೋಯಿತು. ಎರಡನೆಯ ಸುಗ್ಗಿಯ ಹೊತ್ತಿಗೆ ಊರಿನಿಂದ ತರಿಸಿಕೊಂಡ ಕ್ಯಾಲೆಂಡರ್ ಗೋಡೆಗೆ ಅಂಟಿಸಿ, ತಿಥಿ ನೋಡಿ ರಾತ್ರಿಗಳನ್ನು ಹಂಚಿಕೊಂಡೆ: ಅಮಾವಾಸ್ಯೆಯ ಆಸುಪಾಸು ಆಕಾಶಕ್ಕೆ, ಹುಣ್ಣಿಮೆಯ ಆಸುಪಾಸು ಗೆಳೆಯರಿಗೆ, ನಡುವಿನ ದಿನಗಳು ನಿದ್ದೆಗೆ. ಕೆಳಗಿನ ಹಂತಗಳೆಲ್ಲ ಈ ಹಂಚಿಕೆಯ ಸುತ್ತ ಬೆಳೆದವು.

ಹೊರಡುವ ಮೊದಲು

ಈ ಭಾಗವನ್ನು ಬೇಗ ಮುಗಿಸುತ್ತೇನೆ, ಆದರೆ ನೀವು ಬೇಗ ಓದಬೇಡಿ. ವಿದ್ಯಾರ್ಥಿ ವೀಸಾದಲ್ಲಿ ತರಗತಿಗಳು ನಡೆಯುವಾಗ ವಾರಕ್ಕೆ ಇಷ್ಟೇ ಗಂಟೆ ಎಂಬ ಮಿತಿಯಿದೆ. 2025ರ ನವೆಂಬರ್‌ನಲ್ಲಿ ಅದು 20ರಿಂದ 25 ಗಂಟೆಗೆ ಏರಿತು. ರಜೆಯಲ್ಲಿ ಪೂರ್ಣಾವಧಿ ದುಡಿಯಲು ಅವಕಾಶವಿದೆಯೇ ಇಲ್ಲವೇ ಎಂಬುದು ನಿಮ್ಮ ಕೋರ್ಸನ್ನು ಅವಲಂಬಿಸಿರುತ್ತದೆ. ಅದು ವೀಸಾ ಪತ್ರದ ಷರತ್ತುಗಳಲ್ಲಿ ಬರೆದಿರುತ್ತದೆ. ಗೆಳೆಯನ ಪತ್ರದಲ್ಲಿ ಇರುವುದು ನಿಮ್ಮದರಲ್ಲಿಯೂ ಇರುತ್ತದೆ ಎಂದುಕೊಳ್ಳಬೇಡಿ. ಕೆಲಸ ಕೊಡಿಸಲು ಯಾರಾದರೂ ದುಡ್ಡು ಕೇಳಿದರೆ ಅಲ್ಲಿಗೇ ಮಾತು ನಿಲ್ಲಿಸಿ, ಏಕೆಂದರೆ ನ್ಯೂಜಿಲ್ಯಾಂಡಿನ ಕಾನೂನಿನಲ್ಲಿ ಕೆಲಸಕ್ಕೆ ಪ್ರತಿಯಾಗಿ ಕೆಲಸಗಾರನಿಂದ ಹಣ ಪಡೆಯುವುದಕ್ಕೆ ನಿಷೇಧವಿದೆ.

ಚೆರ್ರಿಯ ಕೂಲಿ ಸಾಮಾನ್ಯವಾಗಿ ತೂಕದ ಅಥವಾ ಬಕೆಟ್ಟಿನ ಲೆಕ್ಕದಲ್ಲಿರುತ್ತದೆ. ಹಾಗಿದ್ದರೂ ದುಡಿದ ಪ್ರತಿ ಗಂಟೆಗೆ ಕನಿಷ್ಠ ವೇತನಕ್ಕಿಂತ ಕಡಿಮೆ ಬೀಳುವಂತಿಲ್ಲ. 2025ರ ಏಪ್ರಿಲ್‌ನಲ್ಲಿ ಆ ಕನಿಷ್ಠ 23.50 ಡಾಲರ್ ಆಗಿತ್ತು, ಮೊತ್ತ ಬದಲಾಗುವುದು ಸಾಮಾನ್ಯವಾಗಿ ಏಪ್ರಿಲ್ ಒಂದಕ್ಕೆ. ದಿನವೂ ಎಷ್ಟು ಗಂಟೆ, ಎಷ್ಟು ಬಕೆಟ್ ಎಂಬುದನ್ನು ನಿಮ್ಮದೇ ಪುಸ್ತಕದಲ್ಲಿ ಬರೆದಿಡಿ. ಅದೇ ಪುಸ್ತಕದ ಹಿಂದಿನ ಪುಟಗಳಲ್ಲಿ ನಾನು ಆಕಾಶದ ಟಿಪ್ಪಣಿ ಬರೆಯುತ್ತಿದ್ದೆ. ಬಟವಾಡೆಯಲ್ಲಿ ಒಮ್ಮೆ ಒಂದು ದಿನ ಬಿಟ್ಟುಹೋಗಿದ್ದು ಗೊತ್ತಾದದ್ದು ಹಾಗೆ.

ಊರಿನಿಂದ ತಿಂಡಿ ತರುವವರು ಒಂದು ಸಂಗತಿ ಗಮನಿಸಬೇಕು. ಎಳ್ಳು, ಶೇಂಗಾ, ಬೇಳೆಕಾಳು, ಮಸಾಲೆ, ಮಣ್ಣು ಮೆತ್ತಿದ ಬೂಟು ಇವೆಲ್ಲವನ್ನೂ ವಿಮಾನ ನಿಲ್ದಾಣದ ಫಾರಂನಲ್ಲಿ ಘೋಷಿಸಲೇಬೇಕು. ಘೋಷಿಸಿದರೆ ಹೆಚ್ಚೆಂದರೆ ವಸ್ತು ಹೋಗುತ್ತದೆ, ಮುಚ್ಚಿಟ್ಟರೆ ಸ್ಥಳದಲ್ಲೇ 400 ಡಾಲರ್ ದಂಡ. ಸಂಕ್ರಾಂತಿಯ ಎಳ್ಳುಬೆಲ್ಲವನ್ನು ನ್ಯೂಜಿಲ್ಯಾಂಡಿನ ಇಂಡಿಯನ್ ಅಂಗಡಿಯಲ್ಲಿ ಸಾಮಾನು ಕೊಂಡು ಮಾಡಿಕೊಳ್ಳುವುದು ಲೇಸು.

ಆಕಾಶಕ್ಕೆಂದು ಕೊಳ್ಳಬೇಕಾದದ್ದು ಹೆಚ್ಚಿಲ್ಲ. ಹಣೆಗೆ ಕಟ್ಟುವ ಒಂದು ಟಾರ್ಚು, ಅದರ ಗಾಜಿಗೆ ಸುತ್ತಲು ಕೆಂಪು ಜಿಲೇಟಿನ್ ಕಾಗದ, ನೆಲಕ್ಕೆ ಹಾಸಲು ತಾಡಪತ್ರಿ, ಉಣ್ಣೆಯ ಟೊಪ್ಪಿಗೆ, ಸಾಧ್ಯವಾದರೆ 7×50 ಅಥವಾ 10×50ರ ಬೈನಾಕ್ಯುಲರ್. ಟೆಲಿಸ್ಕೋಪಿಗೆ ಹಣ ಹಾಕಬೇಡಿ: ಅದನ್ನು ಹೊತ್ತು ತಿರುಗುವುದು ಕಷ್ಟ, ನಾಲ್ಕು ಜನರ ಕೋಣೆಯಲ್ಲಿ ಇಡುವುದು ಇನ್ನೂ ಕಷ್ಟ, ಮೇಲಾಗಿ ಆ ಆಕಾಶಕ್ಕೆ ಬರಿಗಣ್ಣೇ ಬಹಳ. ಟೊಪ್ಪಿಗೆ ಏಕೆಂದು ಕೇಳಬೇಡಿ. ಹಗಲು ಮೂವತ್ತು ಡಿಗ್ರಿ ಸುಟ್ಟ ನೆಲ ಅದೇ ರಾತ್ರಿ ಎರಡು ಗಂಟೆಗೆ ಹತ್ತರ ಕೆಳಗೆ ಇಳಿಯಬಲ್ಲದು.

ರಾತ್ರಿಯ ಲೆಕ್ಕ

ಕ್ರಾಮ್‌ವೆಲ್ ಇರುವುದು ದಕ್ಷಿಣ ಅಕ್ಷಾಂಶ 45 ಡಿಗ್ರಿಯಲ್ಲಿ, ಹಾಗೂ ಬೇಸಿಗೆಯಲ್ಲಿ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದೆ ಇಟ್ಟಿರುತ್ತಾರೆ. ಇವೆರಡೂ ಸೇರಿ, ಡಿಸೆಂಬರ್ 21ರ ಸುಮಾರಿಗೆ ಸೂರ್ಯ ಮುಳುಗುವುದೇ ರಾತ್ರಿ ಒಂಬತ್ತೂವರೆಗೆ. ಮುಳುಗಿದ ಕೂಡಲೇ ಕತ್ತಲಾಗುವುದು ನಮ್ಮೂರಿನ ಅಭ್ಯಾಸ. ಅಲ್ಲಿ ಸೂರ್ಯ ಓರೆಯಾಗಿ ಜಾರುವುದರಿಂದ ಮಬ್ಬು ಬೆಳಕು ಗಂಟೆಗಟ್ಟಲೆ ಉಳಿಯುತ್ತದೆ, ಆಕಾಶ ನಿಜವಾಗಿ ಕಪ್ಪಾಗುವ ಹೊತ್ತಿಗೆ ನಡುರಾತ್ರಿ ಹನ್ನೆರಡಾಗಿರುತ್ತದೆ. ಮೂರೂ ಕಾಲರ ಸುಮಾರಿಗೆ ಪೂರ್ವದಲ್ಲಿ ಮತ್ತೆ ಬೆಳಕಿನ ಸುಳಿವು. ಅಂದರೆ ಇಡೀ ರಾತ್ರಿಯಲ್ಲಿ ಪೂರ್ಣ ಕತ್ತಲೆ ಸಿಗುವುದು ಸುಮಾರು ಮೂರೂ ಕಾಲು ಗಂಟೆ ಮಾತ್ರ, ಅದೂ ಏಳಬೇಕಾದವನ ನಿದ್ದೆಯ ನಡುಭಾಗದಲ್ಲಿ. ಜನವರಿ ಕೊನೆಗೆ ಪರಿಸ್ಥಿತಿ ಸುಧಾರಿಸುತ್ತದೆ. ಆಗ ಹನ್ನೊಂದೂ ಇಪ್ಪತ್ತಕ್ಕೆ ಕತ್ತಲಾಗಿ ನಾಲ್ಕೂವರೆಯವರೆಗೆ ಇರುತ್ತದೆ.

ಈ ಸಣ್ಣ ಕಿಂಡಿಯಲ್ಲಿ ಚಂದ್ರ ಬಂದು ನಿಂತರೆ ಉಳಿದದ್ದೂ ಹೋಯಿತು. ಆದ್ದರಿಂದ ಪಂಚಾಂಗ ತೆಗೆದು ಬಹುಳ ಏಕಾದಶಿಯಿಂದ ಶುದ್ಧ ಚೌತಿ ಪಂಚಮಿಯವರೆಗಿನ ರಾತ್ರಿಗಳಿಗೆ ಗುರುತು ಹಾಕಿ. ಭಾರತದ ಗಡಿಯಾರಕ್ಕಿಂತ ಅಲ್ಲಿನದು ಬೇಸಿಗೆಯಲ್ಲಿ ಏಳೂವರೆ ಗಂಟೆ ಮುಂದಿದ್ದರೂ ಈ ಕೆಲಸಕ್ಕೆ ಅದರಿಂದ ತೊಂದರೆಯಿಲ್ಲ. ನೀವು ಮಾಡುತ್ತಿರುವುದು ಏಕಾದಶಿಯ ಉಪವಾಸವಲ್ಲ, ಚಂದ್ರ ಇಲ್ಲದ ಹೊತ್ತನ್ನು ಹುಡುಕುವುದು. ಹೀಗೆ ಸಿಗುವ ಒಂಬತ್ತು ಹತ್ತು ರಾತ್ರಿಗಳಲ್ಲಿ ಮರುದಿನ ರಜೆ ಇರುವವನ್ನು ಆರಿಸಿಕೊಳ್ಳಿ. ಎರಡು ಮೂರು ಸಿಕ್ಕರೆ ಸಾಕು, ಅಷ್ಟರಲ್ಲಿ ಒಂದನ್ನಾದರೂ ಮೋಡ ತಿನ್ನುತ್ತದೆ.

ಮಳೆಯ ಬಗ್ಗೆ ಒಂದು ಮಾತು. ಚೆರ್ರಿ ಮಾಗುವಾಗ ಮಳೆ ಬಿದ್ದರೆ ಹಣ್ಣು ನೀರು ಹೀರಿ ಸಿಪ್ಪೆ ಬಿರಿಯುತ್ತದೆ. ಹಾಗಾಗಿ ಮಳೆ ನಿಂತ ಕೂಡಲೇ ಹೆಲಿಕಾಪ್ಟರ್ ತರಿಸಿ, ಮರಗಳ ತಲೆಯ ಮೇಲೆಯೇ ನಿಧಾನವಾಗಿ ಹಾರಿಸಿ, ಅದರ ಗಾಳಿಯಿಂದ ಹಣ್ಣಿನ ನೀರು ಕೊಡವುತ್ತಾರೆ. ಬೆಳಗಿನ ಐದಕ್ಕೆ ಆ ಸದ್ದಿಗೆ ಎದ್ದು ಕೂತವನಿಗೆ ತಾನು ಯಾವುದೋ ಯುದ್ಧಭೂಮಿಯಲ್ಲಿ ಇದ್ದೇನೆ ಅನ್ನಿಸುತ್ತದೆ. ಒದ್ದೆ ಹಣ್ಣನ್ನು ಬಿಡಿಸುವಂತಿಲ್ಲವಾದ್ದರಿಂದ ಅಂಥ ಬೆಳಿಗ್ಗೆ ಕೆಲಸ ತಡವಾಗಿ ಶುರುವಾಗುತ್ತದೆ ಅಥವಾ ಇರುವುದೇ ಇಲ್ಲ. ಕೂಲಿಯ ದೃಷ್ಟಿಯಿಂದ ಇದು ನಷ್ಟ. ಆದರೆ ಸಂಜೆ ಸುರಿದು ರಾತ್ರಿ ಬಯಲಾದ ಆಕಾಶದಷ್ಟು ತೊಳೆದ ಆಕಾಶ ಇನ್ನೊಂದಿಲ್ಲ. ನನ್ನ ಪುಸ್ತಕದ ಅತ್ಯುತ್ತಮ ರಾತ್ರಿಗಳೆಲ್ಲ ಮುಂಭಾಗದ ಪುಟಗಳಲ್ಲಿ ಸೊನ್ನೆ ಬಕೆಟ್ಟಿನ ದಿನಗಳಿಗೆ ಅಂಟಿಕೊಂಡಿವೆ.

ಹಣ್ಣು ವಿಂಗಡಿಸುವ ಪ್ಯಾಕ್‌ಹೌಸಿನಲ್ಲಿ ಸಂಜೆಯ ಪಾಳಿ ಸಿಗುವುದಾದರೆ ಆಕಾಶಪ್ರಿಯರು ಅದನ್ನೇ ಕೇಳಿ ಪಡೆಯಬಹುದು, ಏಕೆಂದರೆ ಪಾಳಿ ಬಿಡುವ ಹೊತ್ತಿಗೇ ಕತ್ತಲೆ ತಯಾರಿರುತ್ತದೆ. ಆದರೆ ಉಳಿದವರೆಲ್ಲ ಊಟಕ್ಕೆ ಕೂತ ಹೊತ್ತಿಗೆ ನೀವು ಬೆಲ್ಟಿನ ಮುಂದೆ ನಿಂತಿರಬೇಕಾಗುತ್ತದೆ. ನಾನು ಆ ವ್ಯಾಪಾರಕ್ಕೆ ಒಪ್ಪಲಿಲ್ಲ.

ಎಲ್ಲಿ ಮಲಗಿ ನೋಡಬೇಕು

ಸೆಂಟ್ರಲ್ ಒಟಾಗೊದ ಆಕಾಶ ಇಷ್ಟು ಸ್ವಚ್ಛವಾಗಿರಲು ಕಾರಣ ನಮಗೆ ಚೆನ್ನಾಗಿ ಗೊತ್ತಿರುವಂಥದ್ದೇ. ಪಶ್ಚಿಮದಿಂದ ಬರುವ ಮೋಡಗಳು ಸದರ್ನ್ ಆಲ್ಪ್ಸ್ ಪರ್ವತಗಳಿಗೆ ಬಡಿದು ಆಚೆ ಬದಿಯಲ್ಲೇ ಬರಿದಾಗುತ್ತವೆ. ಆ ಬದಿಯ ಮಿಲ್ಫರ್ಡ್ ಸೌಂಡ್‌ನಲ್ಲಿ ವರ್ಷಕ್ಕೆ ಆರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ, ಈ ಬದಿಯಲ್ಲಿ ನಾನೂರರ ಆಸುಪಾಸು. ಆಗುಂಬೆಗೂ ಚಳ್ಳಕೆರೆಗೂ ಇರುವ ಸಂಬಂಧವೇ ಅದು. ಬೋಳು ಗುಡ್ಡಗಳು, ಒಣ ಹುಲ್ಲು, ಕಲ್ಲು ಬಂಡೆ ನೋಡಿದಾಗ ಹಿಮದ ನಾಡಿಗೆ ಬಂದೆವೆಂದುಕೊಂಡವರಿಗೆ ಚಿತ್ರದುರ್ಗದ ನೆನಪಾಗುತ್ತದೆ.

ಉಳಿದುಕೊಂಡಿರುವ ಕ್ಯಾಂಪಿನಿಂದ ನಡೆದು ಹೋಗಬಹುದಾದ ಜಾಗವನ್ನು ಹಗಲಿನಲ್ಲೇ ನೋಡಿಡಿ. ದಕ್ಷಿಣ ಮತ್ತು ಉತ್ತರ ದಿಕ್ಕುಗಳಲ್ಲಿ ಗುಡ್ಡ ಅಡ್ಡ ಬರಬಾರದು, ರಸ್ತೆಯ ಕಾರುಗಳ ದೀಪ ಕಣ್ಣಿಗೆ ಬೀಳಬಾರದು. ತೋಟದ ಸಾಲುಗಳ ನಡುವೆ ಮಲಗುವ ಆಸೆ ಬಂದರೆ ಮಾಲೀಕರನ್ನು ಕೇಳದೆ ಹೋಗಬೇಡಿ: ರಾತ್ರಿ ನೀರು ಬಿಟ್ಟಿರಬಹುದು, ಔಷಧಿ ಹೊಡೆದಿರಬಹುದು, ಹಕ್ಕಿ ಓಡಿಸಲು ಇಟ್ಟ ಗ್ಯಾಸಿನ ತೋಪು ನಸುಕಿನಲ್ಲಿ ನಿಮ್ಮ ಕಿವಿಯ ಪಕ್ಕದಲ್ಲೇ ಢಮ್ಮೆನ್ನಬಹುದು. ಕೊನೆಯದನ್ನು ಅನುಭವದಿಂದ ಹೇಳುತ್ತಿದ್ದೇನೆ. ಊರ ಹೊರಗೆ ಡನ್‌ಸ್ಟನ್ ಸರೋವರದ ದಂಡೆ ಒಳ್ಳೆಯ ಜಾಗ, ಆದರೆ ಕಾರಿನಲ್ಲೇ ಮಲಗುವುದಕ್ಕೆ ಎಲ್ಲೆಂದರಲ್ಲಿ ಅನುಮತಿಯಿಲ್ಲ. ಸ್ಥಳದ ಬೋರ್ಡು ಓದಿ. ಕತ್ತಲಲ್ಲಿ ನೀರಿಗೆ ಇಳಿಯುವ ಮಾತೇ ಬೇಡ.

ಕತ್ತಲಿಗೆ ಕಣ್ಣು ಹೊಂದಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷ ಹಿಡಿಯುತ್ತದೆ, ಹಾಳಾಗಲು ಒಂದು ಕ್ಷಣ ಸಾಕು. ಫೋನು ಜೇಬಿನಲ್ಲಿರಲಿ. ನಕ್ಷೆ ಬೇಕೇ ಬೇಕೆಂದರೆ ಸ್ಟೆಲೇರಿಯಂ ಆ್ಯಪ್ ಹಾಕಿಕೊಂಡು ಅದರ ಕೆಂಪು ಪರದೆಯನ್ನು ಮೊದಲೇ ಒತ್ತಿಟ್ಟುಕೊಳ್ಳಿ. ಕ್ಯಾಂಪಿನಲ್ಲಿ ಒಂಬತ್ತಕ್ಕೇ ಮಲಗಿದವರಿರುತ್ತಾರೆ; ಟೆಂಟುಗಳ ಮೇಲೆ ಟಾರ್ಚು ಹಾಯಿಸುವವನನ್ನೂ ನಡುರಾತ್ರಿ ಕಾರಿನ ಬಾಗಿಲು ಬಡಿಯುವವನನ್ನೂ ಯಾರೂ ಊಟಕ್ಕೆ ಕರೆಯುವುದಿಲ್ಲ.

ಅಡುಗೆಮನೆಯ ನೆಂಟಸ್ತಿಕೆ

ಸುಗ್ಗಿಯ ಕ್ಯಾಂಪಿನಲ್ಲಿ ಸ್ನೇಹ ಹುಟ್ಟುವುದು ಒಲೆಯ ಮುಂದೆ. ನಾಲ್ಕು ಒಲೆ, ಮೂವತ್ತು ಜನ, ಎಲ್ಲರಿಗೂ ಏಕಕಾಲಕ್ಕೆ ಹಸಿವು ಎಂಬಲ್ಲಿ ಯಾರು ಯಾರಿಗೆ ಜಾಗ ಬಿಟ್ಟುಕೊಡುತ್ತಾರೆ ಎಂಬುದರಿಂದಲೇ ಪರಿಚಯ ಶುರುವಾಗುತ್ತದೆ. ವನುವಾಟು, ಸಮೋವಾ, ಟೋಂಗಾ ದ್ವೀಪಗಳಿಂದ ಬಂದ ಅನುಭವಿ ಕೆಲಸಗಾರರಿರುತ್ತಾರೆ. 2007ರಲ್ಲಿ ಶುರುವಾದ ಒಂದು ಸರ್ಕಾರಿ ಯೋಜನೆಯಡಿ ಅವರು ವರ್ಷವರ್ಷವೂ ಬರುತ್ತಾರೆ. ಅರ್ಜೆಂಟೀನಾ, ಚಿಲಿ, ಫ್ರಾನ್ಸ್, ಜರ್ಮನಿಯ ಹುಡುಗರು ಒಂದು ವರ್ಷದ ಸುತ್ತಾಟದ ನಡುವೆ ಖರ್ಚಿಗೆಂದು ಬಂದಿರುತ್ತಾರೆ. ನಮ್ಮವರು ಮಾಡುವ ತಪ್ಪೆಂದರೆ ಭಾರತದವರು ನಾಲ್ಕು ಜನ ಸಿಕ್ಕ ಕೂಡಲೇ ಒಂದು ಮೂಲೆ ಹಿಡಿದು, ಸುಗ್ಗಿ ಮುಗಿಯುವವರೆಗೂ ಆ ಮೂಲೆ ಬಿಡದಿರುವುದು. ಮೊದಲ ವರ್ಷ ನಾನೂ ಮಾಡಿದೆ.

ಆ ಮೂಲೆಯಿಂದ ಹೊರಬರಲು ನನಗೆ ದಾರಿ ಮಾಡಿಕೊಟ್ಟದ್ದು ಎಳ್ಳಮಾವಾಸ್ಯೆ. ನಮ್ಮ ಕಡೆ ಆ ದಿನ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಬೆಳೆಗೆ ಚರಗ ಚೆಲ್ಲಿ, ಅಲ್ಲೇ ಕೂತು ಉಣ್ಣುತ್ತಾರೆ, ದಾರಿಯಲ್ಲಿ ಹೋಗುವವರನ್ನೂ ಕರೆದು ಬಡಿಸುತ್ತಾರೆ. ಡಿಸೆಂಬರ್ ಅಥವಾ ಜನವರಿಯಲ್ಲಿ ಬರುವ ಈ ಹಬ್ಬ ಚೆರ್ರಿ ಸುಗ್ಗಿಯ ನಡುವೆಯೇ ಬೀಳುತ್ತದೆ, ಹೆಸರಿನಲ್ಲೇ ಅಮಾವಾಸ್ಯೆಯೂ ಇದೆ. ಸಜ್ಜೆ ಹಿಟ್ಟು ಸಿಗಲಿಲ್ಲ. ಗೋಧಿ ಹಿಟ್ಟಿನಲ್ಲಿ ಚಪಾತಿ ಲಟ್ಟಿಸಿ, ಸಿಕ್ಕ ಕಾಳು ಸೊಪ್ಪು ಹಾಕಿ ಭಜ್ಜಿಯಂಥದ್ದೊಂದು ಕುದಿಸಿ, ಶೇಂಗಾ ಬೆಣ್ಣೆಯ ಡಬ್ಬಿಯಲ್ಲೇ ಒಣಖಾರ ಕಲಸಿ ಶೇಂಗಾ ಹಿಂಡಿಯ ಸಮಾಧಾನ ಮಾಡಿಕೊಂಡೆ. ಕ್ಯಾಂಪಿನ ಹಿಂದಿನ ಹುಲ್ಲಿನ ಮೇಲೆ ತಾಡಪತ್ರಿ ಹಾಸಿ ಕಂಡವರನ್ನೆಲ್ಲ ಕರೆದೆ. ಊಟಕ್ಕೆ ಮೊದಲು ಒಂದು ತುತ್ತನ್ನು ಚೆರ್ರಿ ಸಾಲಿನ ಕಡೆ ಎಸೆದಾಗ ವನುವಾಟುವಿನ ಹಿರಿಯರೊಬ್ಬರು ಏಕೆಂದು ಕೇಳಲಿಲ್ಲ. ತಾವೂ ಒಂದು ತುತ್ತು ಎಸೆದರು. ಉಂಡವರು ಅಲ್ಲೇ ಅಡ್ಡಾದರು, ಯಾರೋ ಹೊರಗಿನ ಬಲ್ಬು ಆರಿಸಿದರು.

ನೀವು ಎಳ್ಳಮಾವಾಸ್ಯೆಯ ಸೀಮೆಯವರಲ್ಲದಿದ್ದರೆ ದೋಸೆ ಹುಯ್ಯಿರಿ, ಚಿತ್ರಾನ್ನ ಕಲಸಿ. ಕ್ರಮ ಒಂದೇ: ಮೊದಲ ವಾರದಲ್ಲೇ ಒಮ್ಮೆ ನೀವೇ ಬಡಿಸಿ. ಮಾಂಸ ತಿನ್ನದವರು, ಕುಡಿಯದವರು ಅದನ್ನು ಮೊದಲ ದಿನವೇ ನಗುತ್ತಾ ಹೇಳಿಬಿಟ್ಟರೆ ಮತ್ತೆ ಯಾರೂ ಒತ್ತಾಯಿಸುವುದಿಲ್ಲ, ಆಮೇಲೆ ಹೇಳಿದರೆ ಮುಜುಗರ. ಸ್ಥಳೀಯರು ಮನೆಗೆ ಕರೆದು ‘ಪ್ಲೇಟ್ ತನ್ನಿ’ ಎಂದರೆ ಏನಾದರೂ ಅಡುಗೆ ಮಾಡಿ ತನ್ನಿ ಎಂದರ್ಥ. ನಾನು ತೊಳೆದ ಸ್ಟೀಲ್ ತಟ್ಟೆ ಹಿಡಿದು ಹೋಗಿದ್ದೆ.

ಹುಣ್ಣಿಮೆಯ ವಾರವನ್ನು ಇಂಥ ಕೂಟಗಳಿಗೆ ಇಡಿ. ಸರೋವರದ ದಂಡೆಯ ಅಡುಗೆ, ದಕ್ಷಿಣ ಅಮೆರಿಕದವರ ಫುಟ್‌ಬಾಲ್, ವಾರದ ಸಂತೆಗೆ ಎಲ್ಲರೂ ಒಂದೇ ಕಾರಿನಲ್ಲಿ ಹೋಗುವುದು ಎಲ್ಲಕ್ಕೂ ಆಗ ಬೆಳಕಿರುತ್ತದೆ. ಆ ಚಂದ್ರನನ್ನೂ ಒಮ್ಮೆ ದಿಟ್ಟಿಸಿ ನೋಡಿ. ಅಲ್ಲಿ ಅವನು ಸಾಗುವುದು ಉತ್ತರದ ಕಡೆಯಿಂದ, ಬಲದಿಂದ ಎಡಕ್ಕೆ, ಅದೂ ಡಿಸೆಂಬರ್ ಹುಣ್ಣಿಮೆಯಲ್ಲಿ ಗುಡ್ಡದ ನೆತ್ತಿಗೆ ತಾಗುವಷ್ಟು ಕೆಳಗೆ. ನಾವು ಬಾಲ್ಯದಿಂದ ಕಂಡ ಮೊಲ ತಲೆಕೆಳಗಾಗಿ ನೇತಾಡುತ್ತಿರುತ್ತದೆ.

ಮೊದಲ ರಾತ್ರಿ ಏನನ್ನು ಹುಡುಕಬೇಕು

ನಡುರಾತ್ರಿ ಹನ್ನೆರಡೂವರೆಗೆ ತಾಡಪತ್ರಿಯ ಮೇಲೆ ಮಲಗಿದ್ದೀರಿ, ಡಿಸೆಂಬರ್ ಕೊನೆಯ ವಾರ ಎಂದುಕೊಳ್ಳೋಣ. ಮೊದಲು ಉತ್ತರಕ್ಕೆ ಮುಖ ಮಾಡಿ, ಪರಿಚಿತರಿಂದ ಆರಂಭಿಸಿ. ನಮ್ಮೂರಿನಲ್ಲಿ ನೆತ್ತಿಯ ಹತ್ತಿರ ಹಾದುಹೋಗುವ ಕೃತ್ತಿಕೆಯ ನಕ್ಷತ್ರ ಗೊಂಚಲು ಇಲ್ಲಿ ಉತ್ತರದ ಕ್ಷಿತಿಜದಿಂದ ಎರಡು ಮುಷ್ಟಿ ಎತ್ತರದಲ್ಲಿರುತ್ತದೆ. ಕೈ ನೀಡಿ ಹಿಡಿದ ಒಂದು ಮುಷ್ಟಿಯ ಅಗಲ ಸುಮಾರು ಹತ್ತು ಡಿಗ್ರಿ. ಈ ಅಳತೆ ಮುಂದೆಯೂ ಬೇಕಾಗುತ್ತದೆ. ಕೃತ್ತಿಕೆಯ ಬಲಕ್ಕೆ, ಸ್ವಲ್ಪ ಮೇಲೆ ಕೆಂಪಗಿನ ರೋಹಿಣಿ. ಇನ್ನೂ ಬಲಕ್ಕೆ, ಮೇಲೆ, ಮಹಾವ್ಯಾಧ, ಅಂದರೆ ಒರಾಯನ್ ನಕ್ಷತ್ರಪುಂಜ, ಕಾಲು ಮೇಲಾಗಿ ನಿಂತಿರುತ್ತಾನೆ: ಕೆಂಪು ಆರ್ದ್ರೆ ಕೆಳಗೆ, ಬಿಳಿಯ ರೈಜೆಲ್ ಮೇಲೆ. ಅವನ ನಡುಪಟ್ಟಿಯ ಮೂರು ನಕ್ಷತ್ರ ಮತ್ತು ಖಡ್ಗವನ್ನು ಸೇರಿಸಿ ನ್ಯೂಜಿಲ್ಯಾಂಡಿಗರು ‘ಪಾಟ್’ ಎನ್ನುತ್ತಾರೆ. ಬೋಗುಣಿಗೆ ಹಿಡಿ ಹಚ್ಚಿದ ಹಾಗೆ ಅದು ಕಾಣುವುದು ನಿಜ. ಸಪ್ತರ್ಷಿಗಳನ್ನು, ಧ್ರುವನನ್ನು ಹುಡುಕುವ ಶ್ರಮ ಬೇಡ. ಧ್ರುವ ಭೂಮಿಯ ಮರೆಯಲ್ಲಿದ್ದಾನೆ.

ಈಗ ಮಲಗಿದ ಹಾಗೆಯೇ ತಲೆ ಹಿಂದಕ್ಕೆ ಒರಗಿಸಿ. ಮಹಾವ್ಯಾಧನಿಂದ ಬಲಕ್ಕೆ ಮೇಲೇರಿದರೆ ಲುಬ್ಧಕ (ಸಿರಿಯಸ್), ಅವನಿಂದ ಇನ್ನೂ ಮೇಲೆ, ನೆತ್ತಿಯ ಸಮೀಪ, ಅಗಸ್ತ್ಯ. ನನಗೆ ಈ ಇಡೀ ಆಕಾಶದಲ್ಲಿ ಅತಿ ಹೆಚ್ಚು ಬೆರಗು ಹುಟ್ಟಿಸಿದ್ದು ಇದೊಂದೇ ನಕ್ಷತ್ರ. ವಿಂಧ್ಯವನ್ನು ತಗ್ಗಿಸಿ ದಕ್ಷಿಣಕ್ಕೆ ಹೋದ, ಕಾವೇರಿಯನ್ನು ಕಮಂಡಲದಲ್ಲಿ ಇಟ್ಟುಕೊಂಡ ಋಷಿಯ ಹೆಸರು ಹೊತ್ತ ಈ ನಕ್ಷತ್ರ ಕರ್ನಾಟಕದಿಂದ ನೋಡುವಾಗ ದಕ್ಷಿಣದಲ್ಲಿ ಎರಡೂವರೆ ಮುಷ್ಟಿಗಿಂತ ಮೇಲೇರುವುದಿಲ್ಲ. ಕ್ರಾಮ್‌ವೆಲ್‌ನಲ್ಲಿ ಅವನು ಮುಳುಗುವುದೇ ಇಲ್ಲ. ಇಡೀ ವರ್ಷ, ಇಡೀ ರಾತ್ರಿ ಆಕಾಶದ ದಕ್ಷಿಣ ಧ್ರುವಬಿಂದುವನ್ನು ಸುತ್ತುತ್ತಾ ಇರುತ್ತಾನೆ. ದಕ್ಷಿಣಕ್ಕೆ ಹೋದವನು ಹಿಂದಿರುಗಲಿಲ್ಲ ಎಂಬ ಕಥೆ ಅಲ್ಲಿ ಮಲಗಿದವನಿಗೆ ಕಥೆ ಎನ್ನಿಸುವುದಿಲ್ಲ.

ಇನ್ನು ಪೂರ್ತಿ ದಕ್ಷಿಣಕ್ಕೆ ತಿರುಗಿ. ಆರೇಳು ಮುಷ್ಟಿ ಎತ್ತರದಲ್ಲಿ ಹತ್ತಿ ಹಿಂಜಿ ಅಂಟಿಸಿದಂಥ ಒಂದು ಬೆಳ್ಳನೆಯ ತೇಪೆ, ಅದರ ಬಲಕ್ಕೆ ಸ್ವಲ್ಪ ಕೆಳಗೆ ಇನ್ನೊಂದು ಚಿಕ್ಕದು. ಮೊದಲ ಸಲ ಮೋಡವೆಂದೇ ತಿಳಿದು ಅವು ಸರಿಯಲೆಂದು ಹತ್ತು ನಿಮಿಷ ಕಾದೆ. ಅವು ಮೆಗೆಲನಿಕ್ ಮೋಡಗಳು ಎಂಬ ಹೆಸರಿನ ಎರಡು ಗೆಲಾಕ್ಸಿಗಳು. ದೊಡ್ಡದು ನಮ್ಮಿಂದ ಸುಮಾರು 1,60,000 ಜ್ಯೋತಿರ್ವರ್ಷ, ಚಿಕ್ಕದು ಸುಮಾರು 2,00,000 ಜ್ಯೋತಿರ್ವರ್ಷ ದೂರ. ಬೆಂಗಳೂರಿನಲ್ಲಿ ದೊಡ್ಡ ಮೋಡ ಕ್ಷಿತಿಜದಿಂದ ಎಂಟು ಡಿಗ್ರಿ ಏರುವಷ್ಟರಲ್ಲಿ ಇಳಿದುಹೋಗುವುದರಿಂದ ಊರ ಬೆಳಕಿನಲ್ಲಿ ಅದನ್ನು ಕಾಣುವ ಆಸೆಯಿಲ್ಲ. 1987ರ ಫೆಬ್ರುವರಿಯಲ್ಲಿ ಈ ದೊಡ್ಡ ಮೋಡದಲ್ಲಿಯೇ ಒಂದು ನಕ್ಷತ್ರ ಸಿಡಿದು ಬರಿಗಣ್ಣಿಗೆ ಕಂಡಿತು. ಚಿಲಿಯ ವೀಕ್ಷಣಾಲಯದಲ್ಲಿ ಅದನ್ನು ಮೊದಲು ಗುರುತಿಸಿದರೆ, ಸ್ವತಂತ್ರವಾಗಿ ಕಂಡುಹಿಡಿದವರಲ್ಲಿ ಒಬ್ಬರು ಇದೇ ದಕ್ಷಿಣ ದ್ವೀಪದ ನೆಲ್ಸನ್ ಊರಿನ ಹವ್ಯಾಸಿ ಆಲ್ಬರ್ಟ್ ಜೋನ್ಸ್. ತಮ್ಮ ಜೀವಮಾನದಲ್ಲಿ ಅವರು ಐದು ಲಕ್ಷಕ್ಕೂ ಹೆಚ್ಚು ಸಲ ಚರ ನಕ್ಷತ್ರಗಳ ಹೊಳಪನ್ನು ಅಳೆದವರು.

ತ್ರಿಶಂಕುವಿಗಾಗಿ ಕಾಯಬೇಕು. ವಿಶ್ವಾಮಿತ್ರನ ಸ್ವರ್ಗದಲ್ಲಿ ತಲೆಕೆಳಗಾಗಿ ನಿಂತ ಆ ರಾಜ, ಅಂದರೆ ದಕ್ಷಿಣದ ಶಿಲುಬೆ, ಡಿಸೆಂಬರ್ ನಡುರಾತ್ರಿ ಆಗ್ನೇಯದಲ್ಲಿ ಎರಡೂವರೆ ಮುಷ್ಟಿ ಎತ್ತರದಲ್ಲಿ ಒರಗಿಕೊಂಡಿದ್ದು, ಮೂರರ ಹೊತ್ತಿಗೆ ನಾಲ್ಕೂವರೆ ಮುಷ್ಟಿಗೆ ಏರುತ್ತಾನೆ. ಅವನಿಗೂ ಅಗಸ್ತ್ಯನಿಗೂ ನಡುವೆ ಇನ್ನೊಂದು ದೊಡ್ಡ, ಮಂಕಾದ ಶಿಲುಬೆ ಕಂಡು ಹೊಸಬರು ಮೋಸಹೋಗುತ್ತಾರೆ. ನಿಜವಾದುದರ ಬಳಿ ಎರಡು ಪ್ರಖರ ನಕ್ಷತ್ರಗಳು ಜೋಡಿಯಾಗಿ ಅದನ್ನೇ ತೋರುತ್ತಿರುತ್ತವೆ. ಅವುಗಳಲ್ಲಿ ಶಿಲುಬೆಯಿಂದ ದೂರದ್ದು ಆಲ್ಫಾ ಸೆಂಟಾರಿ. ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರಗಳ ಮನೆ ಅದು, ಕೇವಲ 4.4 ಜ್ಯೋತಿರ್ವರ್ಷ. ಶಿಲುಬೆಯ ಉದ್ದನೆಯ ಗೆರೆಯನ್ನು ಅದರ ಬುಡದ ಕಡೆಯಿಂದ ನಾಲ್ಕೂವರೆ ಪಟ್ಟು ಮುಂದುವರಿಸಿದರೆ ದಕ್ಷಿಣ ಧ್ರುವಬಿಂದು ಸಿಗುತ್ತದೆ. ಅಲ್ಲಿ ಗುರುತಿಗೆ ಹೊಳೆಯುವ ನಕ್ಷತ್ರವಿಲ್ಲ, ಖಾಲಿ ಜಾಗ. ಅದರಿಂದ ನೇರ ಕೆಳಗೆ ಇಳಿದರೆ ದಕ್ಷಿಣ ದಿಕ್ಕು.

ಇಷ್ಟು ಕಲಿತ ಮೇಲೆ ಪಕ್ಕದಲ್ಲಿ ಮಲಗಿದವರನ್ನು ಕೇಳಿ: ನಿಮ್ಮೂರಿನಲ್ಲಿ ಇದಕ್ಕೆ ಏನೆನ್ನುತ್ತಾರೆ? ನಾನು ಕಂಡಂತೆ ಇದಕ್ಕಿಂತ ಒಳ್ಳೆಯ ಮಾತಿನ ಮೊದಲು ಇಲ್ಲ. ಮಹಾವ್ಯಾಧನ ಮೂರು ನಕ್ಷತ್ರಗಳು ಅರ್ಜೆಂಟೀನಾದವರಿಗೆ ‘ಲಾಸ್ ತ್ರೆಸ್ ಮರಿಯಾಸ್’, ಮೂವರು ಮರಿಯರು. ನ್ಯೂಜಿಲ್ಯಾಂಡಿನ ಮೂಲನಿವಾಸಿಗಳಾದ ಮಾವೊರಿಗಳ ಭಾಷೆಯಲ್ಲಿ ಅವೇ ತೌತೊರು. ಅಗಸ್ತ್ಯ ಅತುತಾಹಿ, ಲುಬ್ಧಕ ತಾಕುರುಆ. ನಮ್ಮ ಕೃತ್ತಿಕೆ ಅವರ ಮಾತರಿಕಿ: ಚಳಿಗಾಲದ ನಸುಕಿನಲ್ಲಿ ಅದು ಮತ್ತೆ ಮೂಡಿದಾಗ ಅವರ ಹೊಸ ವರ್ಷ, 2022ರಿಂದ ಅದಕ್ಕೆ ದೇಶಾದ್ಯಂತ ಸರ್ಕಾರಿ ರಜೆಯಿದೆ. ಇಂಗ್ಲಿಷ್ ಸರಿಯಾಗಿ ಬರದೆ ಹಗಲೆಲ್ಲ ಸುಮ್ಮನಿರುತ್ತಿದ್ದ ಚಿಲಿಯ ಹುಡುಗಿಯೊಬ್ಬಳು ಅಂದು ರಾತ್ರಿ ಬೆರಳು ಎತ್ತಿ ಹೆಸರು ಹೇಳುತ್ತಾ ಒಂದು ಗಂಟೆ ನಮಗೆ ಪಾಠ ಮಾಡಿದಳು. ನಾನು ಕಾರ್ತಿಕೇಯನನ್ನು ಸಾಕಿದ ಆರು ತಾಯಂದಿರ ಕಥೆ ಹೇಳಿದೆ. ಏಳನ್ನು ಎಣಿಸುವವರಿಗೂ ಆರನ್ನು ಎಣಿಸುವವರಿಗೂ ದೊಡ್ಡ ವಾದ ನಡೆದು, ಬೈನಾಕ್ಯುಲರ್ ತೆಗೆದಾಗ ಎಲ್ಲರೂ ಸೋತರು.

ಟೆಕಪೊಗೆ ಒಂದು ಸಲ

ಆರು ವಾರದಲ್ಲಿ ಒಮ್ಮೆ ಎರಡು ದಿನದ ರಜೆ ಸೇರಿಸಿಕೊಂಡು ಟೆಕಪೊ ಸರೋವರಕ್ಕೆ ಹೋಗಿಬನ್ನಿ. ಕ್ರಾಮ್‌ವೆಲ್‌ನಿಂದ ಲಿಂಡಿಸ್ ಕಣಿವೆ ಹತ್ತಿ ಒಮರಾಮ, ಟ್ವೈಜಲ್ ಮೂಲಕ ಸುಮಾರು 200 ಕಿಲೋಮೀಟರ್. ಆ ಸುತ್ತಿನ 4,300 ಚದರ ಕಿಲೋಮೀಟರಿಗೂ ಹೆಚ್ಚಿನ ಪ್ರದೇಶ 2012ರಿಂದ ಅಒರಾಕಿ ಮೆಕೆಂಜಿ ಅಂತರರಾಷ್ಟ್ರೀಯ ಕಪ್ಪು ಆಕಾಶ ಮೀಸಲು ಎಂದು ಮಾನ್ಯವಾಗಿದೆ. ಬೀದಿದೀಪಗಳ ಬೆಳಕು ಮೇಲಕ್ಕೆ ಹೋಗದಂತೆ ಅಲ್ಲಿನ ಜನ ಅದಕ್ಕಿಂತ ದಶಕಗಳ ಮೊದಲೇ ನಿಯಮ ಮಾಡಿಕೊಂಡಿದ್ದರು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ದೂರದರ್ಶಕಗಳಿರುವ ಲಡಾಖಿನ ಹಾನ್ಲೆಯಲ್ಲಿಯೂ ಈಗ ಇಂಥದ್ದೇ ಮೀಸಲಿದೆ. ಟೆಕಪೊದ ಮೌಂಟ್ ಜಾನ್ ಬೆಟ್ಟದ ಮೇಲೆ ಕ್ಯಾಂಟರ್ಬರಿ ವಿಶ್ವವಿದ್ಯಾಲಯದ ವೀಕ್ಷಣಾಲಯವಿದೆ, ರಾತ್ರಿ ಮೇಲೆ ಹೋಗಲು ಹಣ ಕೊಟ್ಟು ಪ್ರವಾಸ ಕಾಯ್ದಿರಿಸಬೇಕು. ದಂಡೆಯ ಪುಟ್ಟ ಕಲ್ಲಿನ ಚರ್ಚಿನ ಸುತ್ತ ಫೋಟೋದವರ ಜಾತ್ರೆ. ಅಲ್ಲಿಂದ ಒಂದೆರಡು ಕಿಲೋಮೀಟರ್ ದೂರ ನಡೆದರೆ ಆಕಾಶ ಪುಕ್ಕಟೆ. ಒಂದು ವಾರದ ದುಡಿಮೆಯ ಮರುರಾತ್ರಿ ಕಾರು ಓಡಿಸಬೇಡಿ. ಹಗಲು ಹೋಗಿ, ಅಲ್ಲಿ ಹಾಸ್ಟೆಲ್‌ನಲ್ಲಿ ಮಲಗಿ, ಮರುದಿನ ಹಗಲಿನಲ್ಲೇ ಬನ್ನಿ.

ಒಂದು ಎಚ್ಚರಿಕೆ. ಟೆಕಪೊದ ಚಿತ್ರಗಳಲ್ಲಿ ಚರ್ಚಿನ ಮೇಲೆ ಹೊಳೆಯುವ ಆಕಾಶಗಂಗೆಯ ದಟ್ಟ ನಡುಭಾಗ ಚೆರ್ರಿ ಸುಗ್ಗಿಯಲ್ಲಿ ಕಾಣುವುದಿಲ್ಲ. ನಮ್ಮ ಮೂಲಾ ನಕ್ಷತ್ರದ ಬಳಿ ಇರುವ ಆ ಭಾಗದ ಮುಂದೆ ಡಿಸೆಂಬರ್ ಕೊನೆಗೆ ಸೂರ್ಯನೇ ನಿಂತಿರುತ್ತಾನೆ. ಅದನ್ನು ಕಾಣಬೇಕೆಂದರೆ ಜೂನ್ ಜುಲೈನ ದ್ರಾಕ್ಷಿ ಚಾಟನಿಗೆ ಹೋಗಬೇಕು. ಆಗ ಸಂಜೆ ಏಳಕ್ಕೇ ಪೂರ್ಣ ಕತ್ತಲೆ, ಬೆಳಗಿನ ಆರೂವರೆಯವರೆಗೆ ಕತ್ತಲೆ. ನಡುರಾತ್ರಿಗೆ ಆಕಾಶಗಂಗೆಯ ಗರ್ಭ ನೆತ್ತಿಯ ಹತ್ತಿರ, ಗೆಳೆಯರಿಗೂ ನಕ್ಷತ್ರಕ್ಕೂ ನಿದ್ದೆಗೂ ಒಂದೇ ರಾತ್ರಿಯಲ್ಲಿ ಜಾಗ. ಆದರೆ ಆ ಚಳಿಗೆ ಬೆರಳು ಕತ್ತರಿ ಹಿಡಿಯಲೊಲ್ಲದು, ಕ್ಯಾಂಪಿನಲ್ಲಿ ಜನವೂ ವಿರಳ. 2024ರ ಮೇ 10, 11ರಂದು ಆದಂತೆ ಪ್ರಬಲ ಸೌರ ಬಿರುಗಾಳಿ ಬಂದರೆ ದಕ್ಷಿಣದಲ್ಲಿ ಅರೋರಾ, ಅಂದರೆ ಧ್ರುವಪ್ರಭೆಯ ಬೆಳಕೂ ಏಳುತ್ತದೆ. ಕಣ್ಣಿಗೆ ಬೂದು ಪರದೆಯಂತೆ ತೋರಿದ್ದು ಫೋನಿನ ಕ್ಯಾಮೆರಾದಲ್ಲಿ ಗುಲಾಬಿಯಾಗಿ ಬರುತ್ತದೆ, ಆದ್ದರಿಂದ ಅನುಮಾನ ಬಂದಾಗ ಫೋನನ್ನು ಜೇಬಿನಿಂದ ತೆಗೆಯಬಹುದಾದ ಏಕೈಕ ಸಂದರ್ಭ ಇದು.

ಸುಗ್ಗಿ ಮುಗಿದಾಗ

ಕೊನೆಯ ಬಟವಾಡೆಯಲ್ಲಿ ಶೇಕಡಾ 8ರ ರಜಾ ವೇತನ ಸೇರಿದೆಯೇ ನೋಡಿ. ವಾರವಾರವೂ ಸೇರಿಸಿ ಕೊಡುತ್ತಿದ್ದರೆ ಅದು ಪೇ ಸ್ಲಿಪ್‌ನಲ್ಲಿ ಬೇರೆ ಸಾಲಾಗಿ ಕಾಣಬೇಕು. ಕ್ಯಾಂಪಿನವರ ನಂಬರುಗಳನ್ನು ಕೊನೆಯ ದಿನದ ಗದ್ದಲಕ್ಕೆ ಬಿಡದೆ ಒಂದು ವಾರ ಮೊದಲೇ ಬರೆದುಕೊಳ್ಳಿ, ಯಾರ ಹೆಸರಿನ ಮುಂದೆ ಯಾವ ನಕ್ಷತ್ರ ಎಂದೂ ಬರೆದುಕೊಳ್ಳಿ. ಉಳಿದ ಬೇಳೆ, ಮಸಾಲೆ, ತಾಡಪತ್ರಿಯನ್ನು ಮುಂದೆ ಸೇಬಿನ ಸುಗ್ಗಿಗೆ ಹೋಗುವವರಿಗೆ ಕೊಟ್ಟುಬಿಡಿ.

ಊರಿಗೆ ಬಂದಿದ್ದರೆ ಮೇ ತಿಂಗಳ ನಡುವಿನಲ್ಲಿ, ಚಂದ್ರನಿಲ್ಲದ ಒಂದು ರಾತ್ರಿ ಒಂಬತ್ತೂವರೆಗೆ ಮಾಳಿಗೆ ಹತ್ತಿ ದಕ್ಷಿಣಕ್ಕೆ ನಿಲ್ಲಿ. ವಿಜಯಪುರದಲ್ಲಾದರೆ ಕ್ಷಿತಿಜದಿಂದ ಒಂದು ಮುಷ್ಟಿ ಎರಡು ಬೆರಳಿನಷ್ಟು ಮೇಲೆ, ಧೂಳಿನಿಂದ ಸ್ವಲ್ಪ ಕೆಂಪಾಗಿ, ತ್ರಿಶಂಕು ನೆಟ್ಟಗೆ ನಿಂತಿರುತ್ತಾನೆ. ಎಡಗಡೆ ಆಲ್ಫಾ ಸೆಂಟಾರಿಯ ಜೋಡಿಯೂ ಇರುತ್ತದೆ. ಪಕ್ಕದ ಮನೆಯ ನೀರಿನ ಟ್ಯಾಂಕು ಅಡ್ಡ ಬಂದರೆ ನಾಲ್ಕು ಹೆಜ್ಜೆ ಪೂರ್ವಕ್ಕೆ ಸರಿಯಿರಿ.